ತೆರಿಗೆಯ ಲೆಕ್ಕವನ್ನೂ ಸೇರಿಸಿ

ಬ್ಯಾಟರಿ ಇಲ್ಲದೆ ವಿದ್ಯುತ್ ಸ್ಕೂಟರ್ ಕೊಂಡು, ಬಾಡಿಗೆಗೆ ಪಡೆದ ಬ್ಯಾಟರಿ ಖಾಲಿಯಾದಾಗ ಕೇಂದ್ರದಲ್ಲಿ ಚಾರ್ಜ್ ಆದದ್ದಕ್ಕೆ ಬದಲಿಸಿಕೊಳ್ಳುವುದು ಎಲ್ಲರಿಗೂ ಲಾಭ ಎಂದು ಈ ಕುರಿತ ಲೇಖನದಲ್ಲಿ ಲೇಖಕರು ಬರೆದಿದ್ದಾರೆ. ‘ಎಲ್ಲರಿಗೂ’ ಎಂಬುದನ್ನು ನಾನು ಒಪ್ಪುವುದಿಲ್ಲ. ಮನೆಮನೆಗೆ ಊಟ ತಲುಪಿಸುವ ಹುಡುಗರು ದಿನವಿಡೀ ಗಾಡಿ ಓಡಿಸುತ್ತಾರೆ. ಚಾರ್ಜ್‌ಗೆಂದು 3 ಗಂಟೆ ನಿಂತರೆ ಅವರ ದುಡಿಮೆಗೇ ಕತ್ತರಿ. ಅವರಿಗೆ ಬ್ಯಾಟರಿ ಬದಲಿಸಿಕೊಳ್ಳುವುದು ನಿಜವಾದ ಉಳಿತಾಯ. ನನ್ನಂತೆ ಕಚೇರಿಗೆ 15 ಕಿಲೋಮೀಟರ್ ಹೋಗಿ ಬರುವವರಿಗೆ ಮನೆಯ ಪ್ಲಗ್ಗೇ ಅಗ್ಗ: 2 ಯೂನಿಟ್ ವಿದ್ಯುತ್ತಿಗೆ 20 ರೂಪಾಯಿಯೂ ಆಗದು.

ಇನ್ನು ತೆರಿಗೆ. ಬ್ಯಾಟರಿ ಸಹಿತ ವಿದ್ಯುತ್ ವಾಹನಕ್ಕೆ ಶೇ 5ರಷ್ಟು ಜಿಎಸ್‌ಟಿ, ಬಿಡಿ ಬ್ಯಾಟರಿಗೆ ಶೇ 18. ಈ ಅಂತರವನ್ನು ಕೇಂದ್ರ ಸರ್ಕಾರದ ನೀತಿ ಆಯೋಗವೇ ಬ್ಯಾಟರಿ ಬದಲಾವಣೆ ಕುರಿತ 2022ರ ಕರಡು ನೀತಿಯಲ್ಲಿ ಎತ್ತಿತ್ತು. ಕೇಂದ್ರಗಳಲ್ಲಿ ಚಾರ್ಜ್ ಆದ ಬ್ಯಾಟರಿ ಸದಾ ಸಿದ್ಧವಿರಲೆಂದು ಗಾಡಿಗಳಿಗಿಂತ ಹೆಚ್ಚು ಬ್ಯಾಟರಿ ಇಟ್ಟುಕೊಳ್ಳಲೇಬೇಕಾದ ಕಂಪನಿ ಆ ತೆರಿಗೆಯ ಹೊರೆಯನ್ನು ನಮ್ಮ ಬಾಡಿಗೆಯಲ್ಲೇ ವಸೂಲು ಮಾಡುತ್ತದೆ. ಮೊದಲು ಆ ಅಂತರವನ್ನು ಅಳಿಸಲಿ.