ಅಪ್ರದಕ್ಷಿಣೆ

ಸೈಕಲ್ ಸವಾರಿಯನ್ನು ಒಮ್ಮೆ ಕಲಿತರೆ ಸಾಯುವವರೆಗೂ ಮರೆಯುವುದಿಲ್ಲ ಅನ್ನುತ್ತಾರೆ. ಒಳಪೆಡಲಿನಲ್ಲಿ ಶುರುಮಾಡಿ, ಬಾರಿನ ಮೇಲಿಂದ ಕಾಲು ಹಾಯಿಸಿ, ಮೊಣಕಾಲಿನ ಚರ್ಮವನ್ನು ಊರ ರಸ್ತೆಗೆ ಕಂತುಕಂತಾಗಿ ತೆತ್ತವರು ಆ ಬಾಬತ್ತಿನ ಸಾಲ ತೀರಿತೆಂದೇ ತಿಳಿದಿರುತ್ತಾರೆ. ತೊಂದರೆ ಶುರುವಾಗುವುದು ವೆಲೋಡ್ರೋಮಿನಲ್ಲಿ, ಅಂದರೆ ಸೈಕಲ್ ಪಂದ್ಯಕ್ಕೆಂದೇ ಕಟ್ಟಿದ, ತಿರುವಿನಲ್ಲಿ ಓರೆಯಾಗಿ ಎದ್ದ ಟ್ರ್ಯಾಕಿನಲ್ಲಿ. ಅಲ್ಲಿ ಕಾಡುವುದು ಈ ಮರೆಯದ ವಿದ್ಯೆಯೇ. ಭಯವಾದರೆ ಬ್ರೇಕ್ ಹಿಡಿ, ತಿರುವಿನಲ್ಲಿ ನಿಧಾನ ಮಾಡು, ಸುಸ್ತಾದರೆ ಪೆಡಲ್ ನಿಲ್ಲಿಸಿ ತೇಲಿಕೊಂಡು ಹೋಗು ಎಂದು ರಸ್ತೆ ಕಲಿಸಿದ ಮೂರು ಪಾಠವೂ ಇಲ್ಲಿ ಉಲ್ಟಾ. ಸುತ್ತುವ ದಿಕ್ಕು ಕೂಡ ಉಲ್ಟಾ. ದೇವಸ್ಥಾನದಲ್ಲಿ ಗರ್ಭಗುಡಿಯನ್ನು ಬಲಕ್ಕಿಟ್ಟುಕೊಂಡು ಸುತ್ತುತ್ತೇವೆ, ಇಲ್ಲಿ ಮೈದಾನ ಸದಾ ಎಡಕ್ಕೆ. ಪ್ರಪಂಚದ ಯಾವ ವೆಲೋಡ್ರೋಮಿಗೆ ಹೋದರೂ ಅಪ್ರದಕ್ಷಿಣೆಯೇ.

ಹೊಸಬರಿಗೆ ಬಾಗಿಲು ತೆರೆದಿಟ್ಟಿರುವ ಜಾಗಗಳಲ್ಲಿ ಹೆಸರಾದದ್ದು ಲಂಡನ್ನಿನ ಲೀ ವ್ಯಾಲಿ ವೆಲೋಪಾರ್ಕ್. 2012ರ ಒಲಿಂಪಿಕ್ಸ್ ನಡೆದ ಕಟ್ಟಡ ಅದು. ಆ ಸಲ ಟ್ರ್ಯಾಕಿನ ಹತ್ತು ಚಿನ್ನಗಳಲ್ಲಿ ಏಳನ್ನು ಬ್ರಿಟನ್ ಗೆದ್ದದ್ದು ಇದೇ ಹಲಗೆಗಳ ಮೇಲೆ. ಅಲ್ಲಿನವರು ಕಟ್ಟಡವನ್ನು ಪ್ರಿಂಗಲ್ ಎಂದು ಕರೆಯುತ್ತಾರೆ, ಡಬ್ಬಿಯಲ್ಲಿ ಬರುವ ಆಲೂಗಡ್ಡೆ ಚಿಪ್ಸಿನ ಹೆಸರು. ನಮ್ಮ ಕಣ್ಣಿಗೆ ಅದು ಕಾದ ಎಣ್ಣೆಗೆ ಬಿಟ್ಟ ಹಪ್ಪಳ: ಎರಡು ಕಡೆ ಎದ್ದಿದೆ, ಎರಡು ಕಡೆ ಬಗ್ಗಿದೆ. ಒಳಗೆ 250 ಮೀಟರಿನ ಸುತ್ತು. ಸೈಬೀರಿಯಾದ ಪೈನ್ ಮರದ ತೆಳು ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿದರೆ ಒಟ್ಟು 56 ಕಿಲೋಮೀಟರ್, ಹೊಡೆದ ಮೊಳೆ ಮೂರೂವರೆ ಲಕ್ಷ. ನೇರ ಭಾಗದಲ್ಲೇ 12 ಡಿಗ್ರಿ ಓರೆ, ತಿರುವಿನಲ್ಲಿ 42 ಡಿಗ್ರಿ.

ಈ 42 ಟಿವಿಯಲ್ಲಿ ಕಾಣುವುದಿಲ್ಲ. ಕ್ಯಾಮೆರಾ ಮೇಲಿನಿಂದ ನೋಡಿ ಓರೆಯನ್ನು ಚಪ್ಪಟೆ ಮಾಡಿಬಿಡುತ್ತದೆ. ತಿರುವಿನ ಬುಡದಲ್ಲಿ ನಿಂತಾಗ ಮಾತ್ರ ಮಲೆನಾಡಿನ ಹೆಂಚಿನ ಮಾಡನ್ನು ಯಾರೋ ನೆಲಕ್ಕಿಳಿಸಿ ಬಾಗಿಸಿಟ್ಟ ಹಾಗಿರುತ್ತದೆ. ಅದರ ಮೇಲೆ ಚಪ್ಪಲಿ ಹಾಕಿಕೊಂಡು ನಡೆಯಲಾಗದು, ಸೈಕಲ್ ಹೇಗೆ ನಿಂತೀತು? ಜಾತ್ರೆಯ ಸಾವಿನ ಬಾವಿಯಲ್ಲಿ ಮೋಟಾರ್‌ಸೈಕಲ್ ಹೇಗೆ ನಿಲ್ಲುತ್ತದೋ ಹಾಗೇ, ಓಡುತ್ತಿದ್ದರೆ.

ಲೆಕ್ಕ ಹಾಕಿ ನೋಡಬಹುದು. ತಿರುವಿನ ತ್ರಿಜ್ಯ ಸುಮಾರು 23 ಮೀಟರ್ ಎಂದಿಟ್ಟುಕೊಳ್ಳಿ. ಗಂಟೆಗೆ 51 ಕಿಲೋಮೀಟರ್ ವೇಗದಲ್ಲಿ ಹೋದರೆ ಸೈಕಲ್ ಹಲಗೆಗೆ ನೆಟ್ಟಗೆ ನಿಲ್ಲುತ್ತದೆ. ಸವಾರನ ಮಟ್ಟಿಗೆ ಅದು ಸಪಾಟು ನೆಲವೇ. ಆದರೆ ಹೊಸಬರು ಹೋಗುವುದು 30ರಲ್ಲಿ. ಆಗ ಸೈಕಲ್ ಬಾಗುವುದು 17 ಡಿಗ್ರಿಯಷ್ಟೇ, ಹಲಗೆ ಬಾಗಿರುವುದು 42. ನಡುವಿನ 25 ಡಿಗ್ರಿಯನ್ನು ಟೈರಿನ ಹಿಡಿತ ಸಂಭಾಳಿಸಬೇಕು, ಸಂಭಾಳಿಸುತ್ತದೆ. ವೇಗ 20ಕ್ಕೆ ಇಳಿದರೆ ಸೈಕಲಿನ ಬಾಗು 8 ಡಿಗ್ರಿ, ಅಂತರ 34. ನುಣುಪಾದ ಮರದ ಮೇಲೆ ಇದು ನೆಚ್ಚುವಂಥ ಅಂತರವಲ್ಲ. ಟೈರ್ ಕೆಳಕ್ಕೆ ಜಾರುತ್ತದೆ, ಇಲ್ಲವೇ ಅದಕ್ಕೂ ಮೊದಲು ಬಲಗಡೆಯ ಪೆಡಲ್ ಮೇಲೆದ್ದ ಹಲಗೆಗೆ ತಾಗುತ್ತದೆ. ಟ್ರ್ಯಾಕ್ ಸೈಕಲ್ಲಿನ ಕ್ರ್ಯಾಂಕ್, ಅಂದರೆ ಪೆಡಲನ್ನು ಹಿಡಿದಿರುವ ತೋಳು, ಸಾಮಾನ್ಯವಾಗಿ 165 ಮಿಲಿಮೀಟರಿನಷ್ಟು ಗಿಡ್ಡ, ಅದರ ಅಚ್ಚು ರಸ್ತೆ ಸೈಕಲ್ಲಿಗಿಂತ ಎತ್ತರದಲ್ಲಿರುವುದು ಈ ಕಾರಣಕ್ಕೇ. ಒಟ್ಟಿನಲ್ಲಿ ಹೆದರಿ ನಿಧಾನ ಮಾಡಿದವರು ಬೀಳುತ್ತಾರೆ. ಹೆದರಿದರೂ ತುಳಿದವರು ದಾಟಿಕೊಳ್ಳುತ್ತಾರೆ. ಧೈರ್ಯ ಇರಲೇಬೇಕೆಂದೇನಿಲ್ಲ, ಕಾಲು ನಿಲ್ಲದಿದ್ದರೆ ಸಾಕು.

ಕಾಲು ನಿಲ್ಲಿಸಲು ಸೈಕಲ್ಲೂ ಬಿಡುವುದಿಲ್ಲ ಎನ್ನಿ. ಇದಕ್ಕೆ ಬ್ರೇಕ್ ಇಲ್ಲ, ಗೇರ್ ಇಲ್ಲ, ಫ್ರೀವೀಲ್ ಇಲ್ಲ. ಹಿಂದಿನ ಹಲ್ಲುಚಕ್ರ ಹಬ್ಬಿಗೆ ಬಿಗಿಯಾಗಿ ಕೂತಿರುತ್ತದೆ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ, ಪೆಡಲಿಗೆ ಕಟ್ಟಿದ ಕಾಲೂ ತಿರುಗುತ್ತದೆ. ಹಿಮ್ಮುಖ ಒತ್ತಡಕ್ಕೆ ಹಲ್ಲುಚಕ್ರ ಬಿಚ್ಚಿಕೊಳ್ಳಬಾರದೆಂದು ಅದರ ಮೇಲೊಂದು ಲಾಕ್‌ರಿಂಗ್ ಇರುತ್ತದೆ. ಅದರ ತಿರುಪು ಎಡದ್ದು, ಗೊತ್ತಿಲ್ಲದವರು ಬಿಚ್ಚಲು ಹೋಗಿ ಇನ್ನಷ್ಟು ಬಿಗಿ ಮಾಡುತ್ತಾರೆ. ಬ್ರೇಕ್ ಯಾಕಿಲ್ಲ ಎಂಬುದಕ್ಕೆ ಉತ್ತರ ಸರಳ. ಒಬ್ಬರ ಚಕ್ರಕ್ಕೆ ಇನ್ನೊಬ್ಬರ ಚಕ್ರ ಗೇಣು ದೂರದಲ್ಲಿ ಹೋಗುವಾಗ ಮುಂದಿನವರ ಕೈಯಲ್ಲಿ ಬ್ರೇಕ್ ಇದ್ದರೆ ಹಿಂದಿನವರ ಹಲ್ಲು ಉಳಿಯುವುದಿಲ್ಲ. ಯಾರಿಗೂ ಇಲ್ಲದಿದ್ದರೆ ಎಲ್ಲರೂ ಒಂದೇ ಹದದಲ್ಲಿ ನಿಧಾನವಾಗುತ್ತಾರೆ.

ಹೊಸಬರ ಸೈಕಲ್ಲಿಗೆ ಮುಂದೆ 48 ಹಲ್ಲು, ಹಿಂದೆ 15 ಇದ್ದರೆ ಹದ. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು 6.7 ಮೀಟರ್ ಮುಂದೆ, ಟ್ರ್ಯಾಕಿನ ಒಂದು ಸುತ್ತಿಗೆ ಪೆಡಲಿನ 37 ಸುತ್ತು. ಮೂವತ್ತರ ವೇಗಕ್ಕೆ ನಿಮಿಷಕ್ಕೆ 75 ಸಲ ತುಳಿದರಾಯಿತು. ಸಂತೆಗೆ ಹೋಗುವ ಸೈಕಲ್ಲಿಗಿಂತ ಜೋರು, ಆದರೆ ಮನುಷ್ಯಮಾತ್ರರಿಗೆ ಅಸಾಧ್ಯವಲ್ಲ. ಚೈನನ್ನು ನಡುವೆ ಬೆರಳಲ್ಲಿ ಎತ್ತಿದರೆ ಒಂದು ಸೆಂಟಿಮೀಟರ್ ಆಡಬೇಕು. ಸಡಿಲವಾದರೆ ಚೈನ್ ಕಳಚೀತು, ಬ್ರೇಕಿಲ್ಲದ ಸೈಕಲ್ಲಿನಲ್ಲಿ ಅದು ಕೆಟ್ಟ ಸುದ್ದಿ. ಹೀಗೆ ಬೆರಳಿಟ್ಟು ನೋಡುವುದು ಚಕ್ರ ಪೂರ್ತಿ ನಿಂತಿರುವಾಗ ಮಾತ್ರ. ತಿರುಗುವ ಚೈನಿಗೆ ಬಟ್ಟೆ ಹಿಡಿದು ಒರೆಸುವ ಅಭ್ಯಾಸವಿದ್ದರೆ ಮನೆಯಲ್ಲೇ ಬಿಟ್ಟು ಬನ್ನಿ. ಫ್ರೀವೀಲ್ ಇಲ್ಲದ ಚಕ್ರ ಬೆರಳು ಸಿಕ್ಕಿತೆಂದು ನಿಲ್ಲುವುದಿಲ್ಲ, ತುದಿ ಕತ್ತರಿಸಿಕೊಂಡೇ ಮುಂದೆ ಹೋಗುತ್ತದೆ. ಇದೇ ಕಾರಣಕ್ಕೆ ಶೂ ಲೇಸನ್ನು ಒಳಗೆ ತುರುಕಬೇಕು, ಪ್ಯಾಂಟಿನ ಕಾಲು ಜೋತಾಡಬಾರದು.

ಹತ್ತುವ ವಿಧಾನ ಹೀಗೆ. ಟ್ರ್ಯಾಕಿನ ಒಳಗಡೆ, ಸಪಾಟು ಪಟ್ಟಿಯ ಅಂಚಿನಲ್ಲಿ ಕಂಬಿ ಇರುತ್ತದೆ. ಎಡಗೈಯಲ್ಲಿ ಕಂಬಿ ಹಿಡಿದು ಸೀಟೇರಿ, ಪೆಡಲಿಗೆ ಪಾದ ಸಿಕ್ಕಿಸಬೇಕು. ಪೆಡಲ್ ಬೇಕಾದ ಕಡೆ ಇಲ್ಲದಿದ್ದರೆ ಹಿಂದಕ್ಕೆ ತಿರುಗಿಸಲು ಬರುವುದಿಲ್ಲ, ಹಿಂದಿನ ಚಕ್ರವನ್ನು ಸ್ವಲ್ಪ ಎತ್ತಿಯೇ ತಿರುಗಿಸಬೇಕು. ಹ್ಯಾಂಡಲಿನ ಕೆಳಗಿನ ಬಾಗನ್ನು ಹಿಡಿಯುವುದು, ಕೈ ಬಿಗಿಯದೆ ಮೊಣಕೈ ಸಡಿಲ ಬಿಡುವುದು. ಮೊದಲು ಸಪಾಟಿನಲ್ಲೇ ಎರಡು ಸುತ್ತು. ಇಲ್ಲೇ ಎಲ್ಲರಿಗೂ ಮೊದಲ ಒದೆ ಬೀಳುವುದು. ಅಭ್ಯಾಸಬಲದಿಂದ ಕಾಲು ನಿಲ್ಲಿಸಿದ ಕ್ಷಣ ಪೆಡಲ್ ಮೀನಖಂಡವನ್ನು ಮೇಲಕ್ಕೆಸೆದು, ಕೂತವರನ್ನು ಸೀಟಿನಿಂದ ಎಬ್ಬಿಸುತ್ತದೆ. ನೋವಿಗಿಂತ ಅವಮಾನ ಹೆಚ್ಚು. ಎರಡು ಮೂರು ಸಲ ಆದಮೇಲೆ ಕಾಲಿಗೇ ಬುದ್ಧಿ ಬರುತ್ತದೆ. ವೇಗ ಇಳಿಸಬೇಕಾದರೆ ತುಳಿತದ ಒತ್ತಡ ಕಡಿಮೆ ಮಾಡಿ ಪೆಡಲಿನ ಜೊತೆ ಕಾಲನ್ನು ಸುಮ್ಮನೆ ತಿರುಗಲು ಬಿಡುವುದು, ಆಮೇಲೆ ಏರುವ ಪೆಡಲನ್ನು ಮೆಲ್ಲಗೆ ತಡೆಯುವುದು. ಎಮ್ಮೆಯನ್ನು ಹಗ್ಗ ಹಿಡಿದು ನಿಲ್ಲಿಸುವ ಹಾಗೆ, ಜಗ್ಗಿದರೆ ಅದೇ ನಿಮ್ಮನ್ನು ಎಳೆದೊಯ್ಯುತ್ತದೆ.

ಸಪಾಟು ಮುಗಿದ ಕೂಡಲೇ ತಿಳಿನೀಲಿ ಪಟ್ಟಿ. ಫ್ರಾನ್ಸಿನ ಸಮುದ್ರತೀರದ ಹೆಸರಿಟ್ಟು ಕೋತ್ ದಜ್ಯೂರ್ ಎನ್ನುತ್ತಾರೆ. ಹೆಸರು ಕೇಳಿ ವಿಹಾರಕ್ಕೆ ಕೂರುವ ಜಾಗ ಅಂದುಕೊಳ್ಳಬೇಡಿ, ಬಣ್ಣ ಬಳಿದ ಹಲಗೆ ಜಾರುತ್ತದೆ. ಅದು ಹತ್ತುವುದಕ್ಕೂ ಇಳಿಯುವುದಕ್ಕೂ ಇರುವ ಹೊಸ್ತಿಲು, ದಾಟುವುದು ನೇರ ಭಾಗದಲ್ಲಿ, ತಿರುವಿನಲ್ಲಲ್ಲ. ಅದರ ಮೇಲೆ 20 ಸೆಂಟಿಮೀಟರಿಗೆ ಕಪ್ಪು ಗೆರೆ, 250 ಮೀಟರ್ ಎಂದು ಅಳೆಯುವುದು ಇಲ್ಲೇ. 85 ಸೆಂಟಿಮೀಟರಿಗೆ ಕೆಂಪು ಗೆರೆ, ಎರಡೂವರೆ ಮೀಟರಿಗೆ ಸ್ವಲ್ಪ ಕಡಿಮೆ ಇರುವಲ್ಲಿ ನೀಲಿ ಗೆರೆ. ಗೆರೆಗಳು ಅಂದಕ್ಕಲ್ಲ, ರಸ್ತೆಯ ಲೇನ್ ಇದ್ದ ಹಾಗೆ. ಕಪ್ಪು ಮತ್ತು ಕೆಂಪಿನ ನಡುವೆ ಜೋರಾಗಿ ಹೋಗುವವರು, ನೀಲಿಯ ಮೇಲೆ ನಿಧಾನದವರು. ನೀಲಿಯಲ್ಲಿ ಸುತ್ತಿದರೆ ಪ್ರತಿ ಸುತ್ತಿಗೆ ಹತ್ತು ಮೀಟರಿನಷ್ಟು ಬಿಟ್ಟಿ ಶ್ರಮ.

ನೀಲಿಗೆ ಏರುವಾಗ ಹೊಸಬರು ಮಾಡುವ ತಪ್ಪು ಒಂದೇ: ಹ್ಯಾಂಡಲ್ ತಿರುಗಿಸಿ ಒಮ್ಮೆಗೇ ಮೇಲಕ್ಕೆ ಹೋಗುವುದು. ಹಲಗೆ 7 ಮೀಟರ್ ಅಗಲವೆಂದರೆ ತಿರುವಿನ ತುದಿ ಬುಡದಿಂದ 4.7 ಮೀಟರ್ ಎತ್ತರ, ಒಂದೂವರೆ ಅಂತಸ್ತು. 36ರ ವೇಗದಲ್ಲಿ ಬಂದು ಹೆಚ್ಚೇನೂ ತುಳಿಯದೆ ಅಷ್ಟು ಏರಿದರೆ ಮೇಲೆ ತಲುಪುವಾಗ ಕೈಯಲ್ಲಿ ಉಳಿಯುವುದು ಗಂಟೆಗೆ ಹತ್ತು ಕಿಲೋಮೀಟರ್. ಆ ವೇಗದಲ್ಲಿ ಅಲ್ಲಿ ಮಾಡಬಹುದಾದ ಕೆಲಸ ಬೀಳುವುದೊಂದೇ. ಆದ್ದರಿಂದ ಏರುವ ಮೊದಲೇ ವೇಗ ಕೂಡಿಸಿಕೊಳ್ಳಬೇಕು, ಒಂದು ಸುತ್ತಿಗೆ ಒಂದು ಗೆರೆಯಂತೆ ಏರಬೇಕು, ಏರುತ್ತಾ ಇನ್ನೂ ಗಟ್ಟಿಯಾಗಿ ತುಳಿಯಬೇಕು. ಏರಲು ಕೊಟ್ಟ ವೇಗ ಇಳಿಯುವಾಗ ಬಡ್ಡಿಯಿಲ್ಲದಿದ್ದರೂ ಅಸಲಾಗಿ ವಾಪಸು ಬರುತ್ತದೆ. ಸ್ಪರ್ಧಿಗಳು ತಿರುವಿನ ನೆತ್ತಿಯಲ್ಲಿ ಹೊಂಚುಹಾಕಿ ಒಮ್ಮೆಗೇ ಕೆಳಗೆ ಧುಮುಕುವುದು ಈ ಠೇವಣಿಯ ಮೇಲೆಯೇ.

ಕಣ್ಣು ಮುಂದಿನ ಚಕ್ರದ ಮೇಲೆ ಬಿದ್ದರೆ ಸೈಕಲ್ ಓಲಾಡುತ್ತದೆ. ನೋಡಬೇಕಾದದ್ದು ತಿರುವಿನ ಆ ಕೊನೆಯನ್ನು, ಮುಖ ಅತ್ತ ತಿರುಗಿದರೆ ಉಳಿದದ್ದು ತಾನಾಗಿ ತಿರುಗುತ್ತದೆ. ಮೇಲೆ ಸರಿಯುವ ಮುನ್ನ ಬಲ ಭುಜದ ಮೇಲಿಂದ ಹಿಂದೆ ನೋಡಬೇಕು. ಸುಮ್ಮನೆ ಕಣ್ಣು ಹೊರಳಿಸಿದರೆ ಸಾಲದು, ಗದ್ದ ಭುಜಕ್ಕೆ ತಾಗಬೇಕು. ಕನ್ನಡಿ ಇಲ್ಲ, ಬೆಲ್ ಇಲ್ಲ, ಹಾರ್ನ್ ಇಲ್ಲ. ಹಿಂದಿನಿಂದ ಯಾರಾದರೂ ‘ಸ್ಟಿಕ್’ ಎಂದು ಕೂಗಿದರೆ ಇದ್ದ ಗೆರೆಯಲ್ಲೇ ಇರು, ದಾಟುತ್ತಿದ್ದೇನೆ ಎಂದರ್ಥ. ನಮ್ಮ ಊರಿನವರು ಹಾರ್ನ್ ಕೇಳಿದರೆ ಬದಿಗೆ ಸರಿದು ದಾರಿ ಬಿಡುತ್ತಾರಲ್ಲ, ಆ ಸೌಜನ್ಯ ಇಲ್ಲಿ ಅಪಘಾತ. ಇನ್ನೊಬ್ಬರ ಹಿಂದಿನ ಚಕ್ರದ ಪಕ್ಕಕ್ಕೆ ನಿಮ್ಮ ಮುಂದಿನ ಚಕ್ರ ಹೋಗಲೇಬಾರದು. ಅವರು ಅರೆ ಅಡಿ ಸರಿದರೂ ಬೀಳುವವರು ನೀವೇ.

ಬಿದ್ದರೆ ಏನಾಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಮರ ಚರ್ಮವನ್ನು ಉಜ್ಜಿ ಸುಡುತ್ತದೆ, ಒಮ್ಮೊಮ್ಮೆ ಸಿಬಿರೂ ಸೇರಿಸಿ ಕೊಡುತ್ತದೆ. ಕೈಗವಸು, ತೋಳು ಮುಚ್ಚುವ ಅಂಗಿ ಹಾಕಿಕೊಳ್ಳಿ ಎನ್ನುವುದು ಅದಕ್ಕೇ.

ಲಂಡನ್ ದೂರವಾಯಿತು ಎನ್ನುವವರಿಗೆ ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣದ ಆವರಣದಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಕಟ್ಟಿದ ಮರದ ಟ್ರ್ಯಾಕ್ ಇದೆ. ಏಷ್ಯನ್ ಟ್ರ್ಯಾಕ್ ಚಾಂಪಿಯನ್‌ಷಿಪ್ 2013, 2017, 2022ರಲ್ಲಿ ಅಲ್ಲೇ ನಡೆಯಿತು. ಕರ್ನಾಟಕದಲ್ಲಿ ಸೈಕಲ್ ಸ್ಪರ್ಧೆ ಎಂದರೆ ವಿಜಯಪುರ, ಬಾಗಲಕೋಟೆ. ಆ ಕಡೆಯ ಹುಡುಗ ಹುಡುಗಿಯರು ಬಿಸಿಲಿನ ಡಾಂಬರಿನ ಮೇಲೆ ಗಟ್ಟಿ ಮಾಡಿಕೊಂಡ ತೊಡೆಗೆ ಈ ಹಲಗೆ ಭಾರವೇನಲ್ಲ. ಬಯಲಿನ ಸಿಮೆಂಟಿನ ಟ್ರ್ಯಾಕುಗಳು ಸಾಮಾನ್ಯವಾಗಿ ಇನ್ನೂ ಉದ್ದ, ತಿರುವು ಅಗಲ, ಓರೆ ಕಡಿಮೆ. ಎದೆ ಡವಗುಟ್ಟುವವರಿಗೆ ಅಲ್ಲಿ ಶುರುಮಾಡುವುದೇ ಲೇಸು. ಲಂಡನ್ನಿನಲ್ಲೇ ಹರ್ನ್ ಹಿಲ್ ಎಂಬ 1891ರ ಬಯಲು ಟ್ರ್ಯಾಕ್ ಇದೆ, 1948ರ ಒಲಿಂಪಿಕ್ಸ್ ಕಂಡದ್ದು. ಮಳೆ ಬಂದರೆ ಮಾತ್ರ ಅಲ್ಲಿ ಯಾವ ಹಪ್ಪಳವೂ ತಲೆಯ ಮೇಲಿಲ್ಲ.

ನಿಲ್ಲುವುದಕ್ಕೆ ಎರಡು ಸುತ್ತು ಮೊದಲೇ ಮನಸ್ಸು ಮಾಡಬೇಕು. ನೀಲಿಯಿಂದ ಕಪ್ಪಿಗೆ, ನೇರ ಭಾಗದಲ್ಲಿ ತಿಳಿನೀಲಿ ದಾಟಿ ಸಪಾಟಿಗೆ, ಅಲ್ಲಿ ಒಂದು ಸುತ್ತು ವೇಗ ಕರಗಿಸಿ ನಡಿಗೆಯ ವೇಗಕ್ಕೆ ತಂದು, ಎಡಗೈ ಚಾಚಿ ಕಂಬಿ ಹಿಡಿಯುವುದು. 42 ಡಿಗ್ರಿಯನ್ನು ಗೆದ್ದವರು ಅಡ್ಡ ಬೀಳುವುದು ಹೆಚ್ಚಾಗಿ ಇಲ್ಲಿಯೇ. ಸೈಕಲ್ ನಿಂತಿತೆಂಬ ನಿರಾಳದಲ್ಲಿ ಕಂಬಿ ಬಿಡುತ್ತಾರೆ, ಪಾದ ಇನ್ನೂ ಪೆಡಲಿನಲ್ಲೇ ಸಿಕ್ಕಿಕೊಂಡಿರುತ್ತದೆ, ಅಕ್ಕಿಮೂಟೆಯ ಹಾಗೆ ಪಕ್ಕಕ್ಕೆ ಉರುಳುತ್ತಾರೆ. ಮೊದಲು ಪಾದ ಬಿಡಿಸಿ, ನೆಲ ಮುಟ್ಟಿಸಿ, ಆಮೇಲೆ ಕಂಬಿ ಬಿಡಿ.