ಹೆಬ್ಬೆರಳಿನ ತಜ್ಞರು

ಫುಟ್‌ಬಾಲ್ ಕಂಡ ಕೂಡಲೇ ಒದೆಯುವವರು ಕಮ್ಮಿ. ಹೆಬ್ಬೆರಳಿಂದ ಒತ್ತುವವರೇ ಜಾಸ್ತಿ. ಕಲಬುರಗಿಯ ನಮ್ಮ ಓಣಿಯಲ್ಲಿ ಮಗನ ಚೆಂಡು ಹಿಡಿದು ಹೊರಟರೆ ಪೇಪರ್ ಓದುವ ಕಾಕಾನಿಂದ ಹಿಡಿದು ಹಾಲಿನವನ ತನಕ ಎಲ್ಲರೂ ಒತ್ತಿ ನೋಡುತ್ತಾರೆ, ಮಾವಿನಹಣ್ಣು ಕೊಳ್ಳುವವರ ಹಾಗೆ. ಆಮೇಲೆ ತೀರ್ಪು: "ಗಾಳಿ ಕಮ್ಮಿ ಅದ ನೋಡ್ರಿ."

ಕಮ್ಮಿಯೋ ಜಾಸ್ತಿಯೋ ಹೇಳಬೇಕಾದದ್ದು ಒತ್ತಡ ಅಳೆಯುವ ಗೇಜು. ದೊಡ್ಡವರು ಆಡುವ 5ನೇ ಸೈಜಿನ ಚೆಂಡಿಗೆ 8.5ರಿಂದ 15.6 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರಬೇಕೆಂದು ಆಟದ ನಿಯಮವೇ ಇದೆ. ಎಷ್ಟು ಬೇಕೆಂದು ಸಾಮಾನ್ಯವಾಗಿ ವಾಲ್ವಿನ ಹತ್ತಿರವೂ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಅದನ್ನು ಓದಲು ಚಾಳೀಸು ಬೇಕು. ಹೆಬ್ಬೆರಳಿಗೆ ಚಾಳೀಸು ಬೇಡ, ಅಲ್ವಾ?

ಮನೆಯ ಕೈಪಂಪು ಕೈಕೊಟ್ಟ ದಿನ ಮಗ ಪಂಕ್ಚರ್ ಅಂಗಡಿಗೆ ಹೋದ.

"ಎಷ್ಟ್ ಹಾಕ್ಲಿ?"

"ಹತ್ತು ಹಾಕ್ರಿ ಮಾಮಾ."

"ಹತ್ತಕ್ಕ ಏನ್ ಆಗ್ತದೋ? ಬೈಕಿಗೇ ಮೂವತ್ತು ಹಾಕ್ತೀವಿ!"

ಕಂಪ್ರೆಸರ್ ಗುಡುಗಿತು. ಪುಣ್ಯಕ್ಕೆ ಚೆಂಡು ಒಡೆಯಲಿಲ್ಲ. ಹೊಲಿಗೆ ಸಡಿಲಾಗಿ ಒಂದು ಕಡೆ ಬುಗುಟು ಬಂತು, ಅಷ್ಟೇ. ಅಂದಿನಿಂದ ಅದು ನೇರ ಹೋಗುವುದನ್ನೇ ಬಿಟ್ಟಿದೆ. ಎದುರು ತಂಡದ ಗೋಲಿ ಮಾತ್ರ ಇದನ್ನು ನನ್ನ ಮಗನ ಕಾಲ್ಚಳಕ ಎಂದೇ ನಂಬಿದ್ದಾನೆ. ನಾವೂ ಸುಮ್ನಿದ್ದೇವೆ.

ಇನ್ನು ನಮ್ಮೂರ ಬಿಸಿಲು ದುಡ್ಡು ಕೇಳದೆ ಪಂಪು ಹೊಡೆಯುತ್ತದೆ. ಬೆಳಗಿನ 25 ಡಿಗ್ರಿ ತಂಪಲ್ಲಿ 12 ಪಿಎಸ್‌ಐ ತುಂಬಿದ ಚೆಂಡು 45 ಡಿಗ್ರಿಗೆ ಕಾದರೆ ಸುಮಾರು 14 ಆಗುತ್ತದೆ. ಮೇ ತಿಂಗಳಲ್ಲಿ ಬಾಗಿಲು ಮುಚ್ಚಿದ ಕಾರಿನೊಳಗೆ ಬಿಟ್ಟರಂತೂ ಕೇಳಲೇಬೇಡಿ.

ಗಾಳಿ ತುಂಬುವ ಸೂಜಿಯದು ಬೇರೆ ಪುರಾಣ. ಒಣ ಸೂಜಿ ಚುಚ್ಚಿದರೆ ವಾಲ್ವಿನ ರಬ್ಬರು ಹರಿಯುತ್ತದೆ. ಗ್ಲಿಸರಿನ್ ಅಥವಾ ಸಿಲಿಕಾನ್ ಎಣ್ಣೆ ಒಂದು ಹನಿ ಸಾಕು. ನಮ್ಮವ್ವ "ಕುಸುಬಿ ಎಣ್ಣಿ ಹಚ್ಚೋ, ಎಲ್ಲಾ ಮೆತ್ತಗಾಗ್ತದ" ಎಂದಳು. ಅಡುಗೆ ಎಣ್ಣೆ ರಬ್ಬರಿಗೆ ಆಗಿಬರುವುದಿಲ್ಲ ಎಂದು ಅವಳಿಗೆ ಒಪ್ಪಿಸುವುದು ಯಾರ ಕೈಲಾದೀತು? ಅಷ್ಟರಲ್ಲಿ ಮಗ ಸೂಜಿಯನ್ನು ಹಾಗೇ ಒಣಗಿದ್ದನ್ನೇ ಚುಚ್ಚಿ ಮುಗಿಸಿದ್ದ.

ಮರುದಿನ ಚೆಂಡು ಸಪ್ಪಗೆ ಕೂತಿತ್ತು. ಮುಳ್ಳು ಚುಚ್ಚಿದೆಯೋ, ವಾಲ್ವೇ ಸೋರುತ್ತಿದೆಯೋ? ನೀರಲ್ಲಿ ಮುಳುಗಿಸಿದರೆ ಗೊತ್ತಾಗುತ್ತದೆ. ಜಾಲಿ ಮುಳ್ಳಾಗಿದ್ದರೆ ಹೊಲಿಗೆ ಬಿಚ್ಚಿ ಒಳಗಿನ ಗಾಳಿಚೀಲಕ್ಕೆ, ಅಂದರೆ ಬ್ಲಾಡರಿಗೆ, ತೇಪೆ ಹಚ್ಚಬಹುದು. ಈಗಿನ ಅಂಟಿಸಿದ ಚೆಂಡುಗಳಲ್ಲಿ ಬಿಚ್ಚಲು ಹೊಲಿಗೆಯೇ ಇರುವುದಿಲ್ಲ.

ನಲ್ಲಿ ನೀರು ಯಾವಾಗ ಬರುತ್ತದೋ ಎಂದು ಕಾಯುವ ಬೇಸಿಗೆಯಲ್ಲಿ ತುಂಬಿದ ಬಕೆಟ್ಟಿಗೆ ಓಣಿಯ ಮಣ್ಣು ಮೆತ್ತಿದ ಚೆಂಡು ಇಳಿಯಿತು. ವಾಲ್ವಿನಿಂದ ಪುಟ್ಟದೊಂದು ಗುಳ್ಳೆ ಎದ್ದಿತು. ಹೆಂಡತಿ ಬಂದು ಕೆಂಪಾದ ನೀರು ನೋಡಿದಳು.

"ಒಂದ್ ಗುಳ್ಳಿ ನೋಡ್ಲಾಕ ಬಕೆಟ್ ನೀರ್ ಬೇಕಾಯ್ತೇನ್ರಿ? ತಂಬಗಿ ಸಾಲ್ತಿದ್ದಿಲ್ಲಾ?"

ಚೆಂಡು ತಂಬಿಗೆಯಲ್ಲಿ ಮುಳುಗುವುದಿಲ್ಲ ಎನ್ನುವ ಧೈರ್ಯ ಆಗ ಅಪ್ಪನಿಗೂ ಇರಲಿಲ್ಲ, ಮಗನಿಗೂ ಇರಲಿಲ್ಲ.