ಬಹುಮತ ಇದ್ದರೂ ಡೇಟಾ ಹೋಗಬಹುದು

ಪೋಸ್ಟ್‌ಗ್ರೆಸ್ ಫೇಲ್‌ಓವರ್ ಬಗ್ಗೆ, ಅಂದರೆ ಡೇಟಾಬೇಸ್‌ನ ಮುಖ್ಯ ಸರ್ವರ್ (ಪ್ರೈಮರಿ) ಕೆಟ್ಟಾಗ ಅದರ ನಕಲು ಇಟ್ಟುಕೊಂಡ ಸರ್ವರ್ (ಸ್ಟ್ಯಾಂಡ್‌ಬೈ) ಆ ಜಾಗಕ್ಕೆ ಬರುವುದರ ಬಗ್ಗೆ, ಲೇಖನದಲ್ಲಿ ಇಷ್ಟು ಬಿಡಿಸಿ ಬರೆದದ್ದಕ್ಕೆ ಧನ್ಯವಾದ ಸರ್. ಆದರೆ 'ಪ್ಯಾಟ್ರೋನಿ ಹಾಕಿ, ಇಟಿಸಿಡಿಯನ್ನು ಮೂರು ಯಂತ್ರಗಳಲ್ಲಿ ಇಟ್ಟರೆ ಚಿಂತೆಯಿಲ್ಲ' ಎಂಬ ನಿಮ್ಮ ಮಾತನ್ನು ಪೂರ್ತಿ ಒಪ್ಪಲಾರೆ. ಪ್ಯಾಟ್ರೋನಿ ಈ ಬದಲಾವಣೆಯನ್ನು ತಾನಾಗಿ ಮಾಡಿಸುವ ತಂತ್ರಾಂಶ; ಯಾರು ಪ್ರೈಮರಿ ಎಂಬುದನ್ನು ಇಟಿಸಿಡಿ ತನ್ನ ಯಂತ್ರಗಳ ಬಹುಮತದಿಂದ ದಾಖಲಿಸಿಡುತ್ತದೆ. ಮೂರು ಯಂತ್ರ ಬೇಕೇ ಬೇಕು, ಇಲ್ಲದಿದ್ದರೆ ಒಂದು ಯಂತ್ರ ಕೆಟ್ಟರೂ ಬಹುಮತ ತಪ್ಪಿ, ಯಾವ ಸರ್ವರೂ ಪ್ರೈಮರಿಯಾಗಿ ಉಳಿಯದ ಅಪಾಯವಿದೆ. ಆದರೆ ಬಹುಮತ ತೀರ್ಮಾನಿಸುವುದು ಯಾರು ಪ್ರೈಮರಿ ಎಂಬುದನ್ನು ಮಾತ್ರ. ಹೊಸ ಪ್ರೈಮರಿಗೆ ಕೊನೆಯ ಕಮಿಟ್ (ಖಾತ್ರಿಯಾಗಿ ಉಳಿಸಿದ ಬರಹ) ತಲುಪಿತ್ತೇ ಎಂಬುದು ಬೇರೆಯೇ ಪ್ರಶ್ನೆ.

2018ರ ಅಕ್ಟೋಬರ್ 21ರಂದು ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಆದದ್ದು ಇದೇ. ಅಮೆರಿಕದ ಪೂರ್ವ ಕರಾವಳಿಯ ಡೇಟಾ ಸೆಂಟರ್ ಸಂಪರ್ಕ ಕಡಿದುಕೊಂಡದ್ದು ಬರೀ 43 ಸೆಕೆಂಡು. ಅಷ್ಟರಲ್ಲಿ ಆರ್ಕೆಸ್ಟ್ರೇಟರ್ ಎಂಬ ಫೇಲ್‌ಓವರ್ ತಂತ್ರಾಂಶ, ಬಹುಮತ ಪಡೆದೇ, ಪಶ್ಚಿಮ ಕರಾವಳಿಯಲ್ಲಿದ್ದ, ಇನ್ನೊಂದು ಬಗೆಯ ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್ ಸರ್ವರ್‌ಗಳನ್ನು ಪ್ರೈಮರಿ ಮಾಡಿತು. ಪೂರ್ವದಲ್ಲಿ ಆಗಲೇ ಬರೆದಿದ್ದ ಕೆಲವು ಸೆಕೆಂಡುಗಳ ಡೇಟಾ ಪಶ್ಚಿಮಕ್ಕೆ ಹೋಗಿರಲೇ ಇಲ್ಲ, ಪಶ್ಚಿಮದಲ್ಲಿ ಹೊಸ ಬರಹ ಶುರುವಾಗಿಬಿಟ್ಟಿತ್ತು. ಎರಡು ಕಡೆ ಬೇರೆ ಬೇರೆ ಡೇಟಾ ಉಳಿದದ್ದರಿಂದ ಸೇವೆ ಪೂರ್ತಿ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು.

ಪ್ಯಾಟ್ರೋನಿಯಲ್ಲೂ ಸಿಂಕ್ರೊನಸ್ ಮೋಡ್ (ಸ್ಟ್ಯಾಂಡ್‌ಬೈಗೂ ತಲುಪಿದ ಮೇಲೆಯೇ ಕಮಿಟ್ ಆಯಿತು ಎನ್ನುವ ವಿಧಾನ) ತಾನಾಗಿ ಆನ್ ಇರುವುದಿಲ್ಲ. ಅದರ ಮೂಲ ಸೆಟ್ಟಿಂಗ್‌ನಲ್ಲಿ ಸುಮಾರು 1 ಎಂಬಿ ಡೇಟಾ ಹಿಂದಿರುವ ಸ್ಟ್ಯಾಂಡ್‌ಬೈ ಕೂಡ ಪ್ರೈಮರಿ ಆಗಬಹುದು. ಹಣದ ಲೆಕ್ಕ ಇಡುವ ಡೇಟಾಬೇಸ್‌ನಲ್ಲಿ 1 ಎಂಬಿ ಎಂದರೆ ಎಷ್ಟು ಜನರ ವಹಿವಾಟು! ಸಿಂಕ್ರೊನಸ್ ಮಾಡಿದರೆ ಪ್ರತಿ ಕಮಿಟ್ ತುಸು ತಡವಾಗುತ್ತದೆ, ನಿಜ. ಅಂಥ ಕಡೆ ಆ ತಡವನ್ನು ನಾನಂತೂ ಸಹಿಸಿಕೊಳ್ಳುತ್ತೇನೆ. ದಯವಿಟ್ಟು ಲೇಖನಕ್ಕೆ ಇದನ್ನೂ ಸೇರಿಸಿ.